ಬಾಗಿಲು ತೆರೆದರಷ್ಟೇ ಸಾಕೇ?

ನಮ್ಮ ರಾಜ್ಯದಲ್ಲಿ "ಕೌನ್ಸೆಲಿಂಗ್" ಎಂಬ ಶಬ್ದ ಕಿವಿಗೆ ಬಿದ್ದೊಡನೆ ತಂದೆತಾಯಿಗಳ ಕಣ್ಣ ಮುಂದೆ ಸುಳಿಯುವುದು ಸಿ.ಇ.ಟಿ. ರ‍್ಯಾಂಕು, ಸೀಟುಗಳ ಪಟ್ಟಿ, ಶುಲ್ಕ ಕಟ್ಟಲು ಇರುವ ಕೊನೆಯ ದಿನಾಂಕ. ಸರ್ಕಾರಿ ಶಾಲೆಯ ಶಿಕ್ಷಕರಿಗಾದರೆ ಅದೇ ಶಬ್ದ ವರ್ಗಾವಣೆಯ ನೆನಪನ್ನು ತರುತ್ತದೆ. ಇಂಗ್ಲಿಷಿನಲ್ಲಿ ಸಲಹೆ, ಸಮಾಲೋಚನೆ, ಹಿತವಾದ ಎಂಬ ಅರ್ಥಗಳುಳ್ಳ ಈ ಪದ ನಮ್ಮಲ್ಲಿ ಹಂಚಿಕೆಗೆ ಪರ್ಯಾಯಪದವಾಗಿಬಿಟ್ಟಿದೆ. ಹೆಸರು ಸಮಾಲೋಚನೆಯದಾದರೂ ಅಲ್ಲಿ ಆಲೋಚನೆ ಹೇಳುವವರು ಯಾರೂ ಇರುವುದಿಲ್ಲ. ಪರದೆಯ ಮೇಲೆ ಆಯ್ಕೆಗಳನ್ನು ಗುರುತಿಸಿ ಗುಂಡಿ ಒತ್ತಿದರೆ ಕೌನ್ಸೆಲಿಂಗ್ ಮುಗಿಯಿತು!

ಅಮೆರಿಕೆಯ ಕಮ್ಯುನಿಟಿ ಕಾಲೇಜುಗಳಲ್ಲಿ ಈ ಪದ ತನ್ನ ಮೂಲಾರ್ಥವನ್ನು ಉಳಿಸಿಕೊಂಡಿದೆ. ಅಲ್ಲಿನ ಅನೇಕ ಕಾಲೇಜುಗಳಲ್ಲಿ ಕೌನ್ಸೆಲಿಂಗ್ ಒಂದು ಪಠ್ಯವಿಷಯವೂ ಹೌದು. ಗಣಿತ, ಇತಿಹಾಸ, ರಸಾಯನಶಾಸ್ತ್ರಗಳಂತೆ ಅದಕ್ಕೂ ವೇಳಾಪಟ್ಟಿಯಲ್ಲಿ ಸ್ಥಾನವಿದೆ. ಅಧ್ಯಾಪಕರು, ಮನೆಗೆಲಸ, ಅಂಕಗಳು, ಕ್ರೆಡಿಟ್ಟುಗಳು ಎಲ್ಲವೂ ಇವೆ. ಕಾಲೇಜಿನಲ್ಲಿ ಓದುವುದು ಹೇಗೆ ಎಂಬುದನ್ನೇ ಕಾಲೇಜಿನಲ್ಲಿ ಒಂದು ವಿಷಯವಾಗಿ ಕಲಿಸುತ್ತಾರೆಂದರೆ ನಮ್ಮ ಓದುಗರಲ್ಲಿ ಕೆಲವರಿಗೆ ನಗು ಬರಬಹುದು. ಅದನ್ನು ಮನೆಯಿಂದಲೇ ಕಲಿತು ಬರಬೇಕಲ್ಲವೇ ಎಂದು ಕೇಳಬಹುದು. ಹಾಗೆ ಕಲಿಸಿ ಕಳುಹಿಸುವವರು ಮನೆಯಲ್ಲಿ ಇಲ್ಲದ ಮಕ್ಕಳಿಗಾಗಿಯೇ ಈ ತರಗತಿ ಹುಟ್ಟಿಕೊಂಡಿದೆ.

ಕಮ್ಯುನಿಟಿ ಕಾಲೇಜು ಎಂದರೆ ಏನೆಂಬುದನ್ನು ಮೊದಲು ತಿಳಿಯಬೇಕು. ಇದು ಎರಡು ವರ್ಷಗಳ ಪದವಿ ನೀಡುವ, ಸಾರ್ವಜನಿಕ ಹಣದಿಂದ ನಡೆಯುವ ಕಾಲೇಜು. ಇಲಿನಾಯ್ ರಾಜ್ಯದ ಜೋಲಿಯೆಟ್ ಎಂಬ ಊರಿನಲ್ಲಿ 1901ರಲ್ಲಿ ಆರಂಭವಾದ ಜೂನಿಯರ್ ಕಾಲೇಜನ್ನು ಈ ಪರಂಪರೆಯ ಮೊದಲ ಸಾರ್ವಜನಿಕ ಸಂಸ್ಥೆ ಎಂದು ಗುರುತಿಸುತ್ತಾರೆ. ಇಂದು ಆ ದೇಶದಲ್ಲಿ ಇಂತಹ ಸಾವಿರಕ್ಕೂ ಹೆಚ್ಚು ಕಾಲೇಜುಗಳಿವೆ. ಕ್ಯಾಲಿಫೋರ್ನಿಯಾ ರಾಜ್ಯವೊಂದರಲ್ಲಿಯೇ 116 ಕಾಲೇಜುಗಳು, ಸುಮಾರು 20 ಲಕ್ಷ ವಿದ್ಯಾರ್ಥಿಗಳು. ಆ ರಾಜ್ಯವು 1960ರಲ್ಲಿ ಉನ್ನತ ಶಿಕ್ಷಣಕ್ಕಾಗಿ ಒಂದು ಮಹಾಯೋಜನೆಯನ್ನು ರೂಪಿಸಿ, ಶಾಲೆಯಲ್ಲಿ ಮುಂಚೂಣಿಯಲ್ಲಿರುವ ಎಂಟನೆಯ ಒಂದು ಭಾಗದ ವಿದ್ಯಾರ್ಥಿಗಳು ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯಕ್ಕೆ, ಮೂರನೆಯ ಒಂದು ಭಾಗದವರು ರಾಜ್ಯ ವಿಶ್ವವಿದ್ಯಾನಿಲಯಕ್ಕೆ ಅರ್ಹರೆಂದು ಗೊತ್ತುಪಡಿಸಿತು. ಕಮ್ಯುನಿಟಿ ಕಾಲೇಜಿನ ಬಾಗಿಲನ್ನು ಮಾತ್ರ ಎಲ್ಲರಿಗೂ ತೆರೆದಿಟ್ಟಿತು. ಅಲ್ಲಿ ಪ್ರವೇಶ ಪರೀಕ್ಷೆಯಿಲ್ಲ, ಕಟ್-ಆಫ್ ಅಂಕವಿಲ್ಲ. ಎರಡು ವರ್ಷ ಓದಿದ ಮೇಲೆ ದೊಡ್ಡ ವಿಶ್ವವಿದ್ಯಾನಿಲಯದ ಮೂರನೆಯ ವರ್ಷಕ್ಕೆ ನೇರವಾಗಿ ವರ್ಗಾವಣೆ ಪಡೆಯಬಹುದು. ಹದಿನೆಂಟರ ಹರೆಯದವರ ಪಕ್ಕದಲ್ಲಿ ನಲವತ್ತರ ಗೃಹಿಣಿ, ಸೇನೆಯಿಂದ ಮರಳಿದ ಯೋಧ, ರಾತ್ರಿಪಾಳಿ ಮುಗಿಸಿ ಬಂದ ಕಾರ್ಮಿಕ ಕುಳಿತು ಪಾಠ ಕೇಳುವ ದೃಶ್ಯ ಅಲ್ಲಿ ಸಾಮಾನ್ಯ.

ಇಷ್ಟು ಉದಾರವಾದ ವ್ಯವಸ್ಥೆಗೆ ಒಂದು ಕೊರಗು ಅಂಟಿಕೊಂಡಿದೆ. ಪದವಿಯ ಆಸೆ ಹೊತ್ತು ಬಂದವರಲ್ಲಿ ಎರಡು ವರ್ಷಗಳಿಗೆ ಬದಲಾಗಿ ಆರು ವರ್ಷ ಕಾದರೂ ಯಾವುದಾದರೊಂದು ಪದವಿಯನ್ನೋ ಪ್ರಮಾಣಪತ್ರವನ್ನೋ ಪಡೆಯುವವರು ದೇಶದ ಸರಾಸರಿ ನೋಡಿದರೆ ಅರ್ಧಕ್ಕಿಂತ ಕಡಿಮೆ. ಉಳಿದವರು ನಡುದಾರಿಯಲ್ಲಿ ಕಾಣೆಯಾಗುತ್ತಾರೆ. ಬಹಳ ಮಂದಿ ಮೊದಲ ವರ್ಷದಲ್ಲಿಯೇ ಹೊರಟುಹೋಗುತ್ತಾರೆ. ಸೇರಿದವರು ಓದಿನಲ್ಲಿ ಉಳಿಯುವುದನ್ನು ಅಲ್ಲಿನ ವಿದ್ವಾಂಸರು ಪ್ರತ್ಯೇಕವಾದ ಅಧ್ಯಯನ ವಿಷಯವಾಗಿಯೇ ಬೆಳೆಸಿದ್ದಾರೆ. ಸಮಾಜಶಾಸ್ತ್ರಜ್ಞ ವಿನ್ಸೆಂಟ್ ಟಿಂಟೋ 1975ರಲ್ಲಿ ಬರೆದ ಪ್ರಬಂಧದಲ್ಲಿಯೂ 1987ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿಯೂ ಮಂಡಿಸಿದ ವಾದ ಇದಕ್ಕೆ ತಳಹದಿ. ವಿದ್ಯಾರ್ಥಿ ಕಾಲೇಜನ್ನು ತೊರೆಯಲು ಬುದ್ಧಿಶಕ್ತಿಯ ಕೊರತೆ ಅಷ್ಟಾಗಿ ಕಾರಣವಲ್ಲ, ತಾನು ಆ ಸಮುದಾಯದ ಒಬ್ಬ ಸದಸ್ಯ ಎಂಬ ಭಾವನೆ ಬೇರೂರದಿರುವುದು ದೊಡ್ಡ ಕಾರಣ ಎಂದು ಅವರು ವಾದಿಸಿದರು. ಆದರೆ ಟಿಂಟೋ ಅವರ ಮನಸ್ಸಿನಲ್ಲಿದ್ದುದು ಮುಖ್ಯವಾಗಿ ವಸತಿನಿಲಯಗಳುಳ್ಳ ನಾಲ್ಕು ವರ್ಷದ ಕಾಲೇಜು. ಕಮ್ಯುನಿಟಿ ಕಾಲೇಜಿನ ವಿದ್ಯಾರ್ಥಿ ಪಾಠ ಮುಗಿದೊಡನೆ ವಾಹನ ನಿಲ್ದಾಣದತ್ತ ಓಡುತ್ತಾನೆ. ಅವನಿಗೆ ಕೆಲಸವಿದೆ, ಮನೆಯಿದೆ, ಕೆಲವೊಮ್ಮೆ ಮಕ್ಕಳಿದ್ದಾರೆ. ಅವನು ಕಾಲೇಜಿನೊಡನೆ ನಂಟು ಬೆಳೆಸಿಕೊಳ್ಳಲು ತರಗತಿಯ ಕೊಠಡಿಯ ಹೊರತು ಬೇರೆ ಜಾಗವೇ ಇಲ್ಲ.

ಇಂತಹ ವಿದ್ಯಾರ್ಥಿ ಎಡವುವುದು ಎಲ್ಲಿ? ಪಾಠದ ಕ್ಲಿಷ್ಟತೆಯಲ್ಲಿ ಎಂದು ನಾವು ಸಹಜವಾಗಿ ಊಹಿಸುತ್ತೇವೆ. ಅದೂ ಒಂದು ಕಾರಣವೇ. ಆದರೆ ಅದಕ್ಕಿಂತ ಮುಂಚೆಯೇ, ಯಾರೂ ಬಾಯಿಬಿಟ್ಟು ಹೇಳದ ನಿಯಮಗಳ ಗೋಜಲಿನಲ್ಲಿ ಅನೇಕರು ಸಿಕ್ಕಿಬೀಳುತ್ತಾರೆ. ಒಂದು ಉದಾಹರಣೆಯನ್ನು ಊಹಿಸಿಕೊಳ್ಳೋಣ. ಸರಕು ಗೋದಾಮಿನಲ್ಲಿ ದುಡಿಯುತ್ತಾ ಓದುವ ಯುವಕನೊಬ್ಬ ಸೆಮಿಸ್ಟರಿನ ನಾಲ್ಕನೆಯ ವಾರ ರಸಾಯನಶಾಸ್ತ್ರದ ಮೊದಲ ಕಿರುಪರೀಕ್ಷೆಯಲ್ಲಿ ಕಡಿಮೆ ಅಂಕ ಪಡೆಯುತ್ತಾನೆ. ಕೆಲಸದ ಪಾಳಿಯೂ ಬದಲಾಗಿದೆ. ಇನ್ನು ಆಗದು ಎಂದುಕೊಂಡು ಆ ತರಗತಿಗೆ ಹೋಗುವುದನ್ನು ನಿಲ್ಲಿಸುತ್ತಾನೆ. ತಾನು ಹೋಗದಿದ್ದರೆ ಆ ವಿಷಯ ತನ್ನಿಂದ ತಾನೇ ಬಿಟ್ಟುಹೋಗುತ್ತದೆ ಎಂಬುದು ಅವನ ತಿಳಿವಳಿಕೆ. ವಾಸ್ತವವಾಗಿ ಕ್ಯಾಲಿಫೋರ್ನಿಯಾದ ಕಾಲೇಜುಗಳಲ್ಲಿ ಅವಧಿಯ ಐದನೆಯ ಒಂದು ಭಾಗ ಕಳೆಯುವುದರೊಳಗೆ ವಿಷಯವನ್ನು ಕೈಬಿಟ್ಟರೆ ದಾಖಲೆಯಲ್ಲಿ ಯಾವ ಗುರುತೂ ಉಳಿಯದು. ಆ ಮೇಲೆ, ಅವಧಿಯ ಮುಕ್ಕಾಲು ಭಾಗದವರೆಗೂ ಕೈಬಿಡಬಹುದು. ಆಗ "ಡಬ್ಲ್ಯು" ಎಂಬ ಅಕ್ಷರ ಉಳಿಯುತ್ತದೆ, ಸರಾಸರಿ ಅಂಕಕ್ಕೆ ಧಕ್ಕೆಯಿಲ್ಲ. ಯಾವ ಅರ್ಜಿಯನ್ನೂ ಕೊಡದೆ ಸುಮ್ಮನೆ ಕಣ್ಮರೆಯಾದವನ ಹೆಸರಿನ ಮುಂದೆ ಬರುವುದು ಸಾಮಾನ್ಯವಾಗಿ "ಎಫ್", ಅಂದರೆ ಸೊನ್ನೆ. ಆ ಸೊನ್ನೆಯಿಂದ ಅವನ ಸರಾಸರಿ 2.0ಕ್ಕಿಂತ ಕೆಳಗಿಳಿದರೆ "ಪ್ರೊಬೇಷನ್" ಎಂಬ ಎಚ್ಚರಿಕೆಯ ಪಟ್ಟಿಗೆ ಅವನ ಹೆಸರು ಸೇರುತ್ತದೆ. ಸರ್ಕಾರದ ಹಣಕಾಸು ನೆರವು ಪಡೆಯುವವರು ತಾವು ತೆಗೆದುಕೊಂಡ ಕ್ರೆಡಿಟ್ಟುಗಳಲ್ಲಿ ಸುಮಾರು ಮೂರನೆಯ ಎರಡು ಭಾಗವನ್ನಾದರೂ ಪೂರೈಸಬೇಕೆಂಬ ನಿಯಮ ಬೇರೆ ಇದೆ. ಮರುವರ್ಷ ನೆರವು ನಿಂತಾಗ ಅವನಿಗೆ ಕಾರಣವೇ ಹೊಳೆಯುವುದಿಲ್ಲ. ಕಾಲೇಜು ತನ್ನಂಥವರಿಗಲ್ಲ ಎಂದು ತೀರ್ಮಾನಿಸಿ ಗೋದಾಮಿನಲ್ಲಿಯೇ ಉಳಿಯುತ್ತಾನೆ. ರಸಾಯನಶಾಸ್ತ್ರದಲ್ಲಿ ಅವನಿಗೆ ಎಷ್ಟು ಸಾಮರ್ಥ್ಯವಿತ್ತು ಎಂಬುದು ಪರೀಕ್ಷೆಗೆ ಒಳಗಾಗಲೇ ಇಲ್ಲ.

ಕೌನ್ಸೆಲಿಂಗ್ ತರಗತಿಯಲ್ಲಿ ಕಲಿಸುವುದು ಇಂಥವೇ ಸಂಗತಿಗಳನ್ನು. ಪ್ರತಿ ವಿಷಯದ ಮೊದಲ ದಿನ ಅಧ್ಯಾಪಕರು ಹಂಚುವ "ಸಿಲಬಸ್" ಕೇವಲ ಪಾಠಪಟ್ಟಿಯಲ್ಲ, ಹಾಜರಿ, ಅಂಕ, ಗಡುವುಗಳ ಒಪ್ಪಂದಪತ್ರ ಎಂಬುದನ್ನು ಅಲ್ಲಿ ಓದಿಸಿ ತೋರಿಸುತ್ತಾರೆ. ವಾರದ 168 ಗಂಟೆಗಳಲ್ಲಿ ನಿದ್ದೆ, ದುಡಿಮೆ, ಪ್ರಯಾಣ ಕಳೆದರೆ ಓದಿಗೆ ಉಳಿಯುವುದು ಎಷ್ಟು ಎಂದು ಲೆಕ್ಕ ಬರೆಸುತ್ತಾರೆ. ತರಗತಿಯ ಒಂದು ಗಂಟೆಗೆ ಹೊರಗೆ ಎರಡು ಗಂಟೆ ಓದಬೇಕೆಂಬ ವಾಡಿಕೆಯ ಸೂತ್ರವನ್ನು ಆ ಲೆಕ್ಕದ ಪಕ್ಕದಲ್ಲಿಡುತ್ತಾರೆ. ನಾಲ್ಕು ವಿಷಯ ತೆಗೆದುಕೊಂಡು ವಾರಕ್ಕೆ 40 ಗಂಟೆ ದುಡಿಯುವವನಿಗೆ ತನ್ನ ಹಾಳೆಯೇ ಉತ್ತರ ಹೇಳುತ್ತದೆ. ಟಿಪ್ಪಣಿ ಬರೆದುಕೊಳ್ಳುವ ರೀತಿ, ಪರೀಕ್ಷೆಯ ಭಯ, ಗ್ರಂಥಾಲಯದ ಬಳಕೆ, ಹಣದ ನಿರ್ವಹಣೆ ಇವೆಲ್ಲ ಬರುತ್ತವೆ. ವೃತ್ತಿಗಳ ಪರಿಚಯವೂ ಇರುತ್ತದೆ.

ಇವುಗಳಲ್ಲಿ ಒಂದು ಅಂಶವನ್ನು ಪ್ರತ್ಯೇಕವಾಗಿ ಹೇಳಬೇಕೆನಿಸುತ್ತದೆ. ಅಮೆರಿಕೆಯ ಅಧ್ಯಾಪಕರು ವಾರದಲ್ಲಿ ಇಂತಿಷ್ಟು ಗಂಟೆಗಳನ್ನು "ಆಫೀಸ್ ಅವರ್ಸ್" ಎಂದು ಘೋಷಿಸುತ್ತಾರೆ. ವಿದ್ಯಾರ್ಥಿಗಳು ಬಂದು ಸಂದೇಹ ಕೇಳಲೆಂದೇ ಮೀಸಲಿಟ್ಟ ಸಮಯ ಅದು. ಕುಟುಂಬದಲ್ಲಿ ಮೊದಲ ಬಾರಿಗೆ ಕಾಲೇಜು ಮೆಟ್ಟಿಲೇರಿದ ಅನೇಕರು ಆ ಫಲಕವನ್ನು ಓದಿ, "ಇದು ಗುರುಗಳು ತಮ್ಮ ಕೆಲಸ ಮಾಡಿಕೊಳ್ಳುವ ಸಮಯ, ತೊಂದರೆ ಕೊಡಬಾರದು" ಎಂದು ತಿಳಿದು ದೂರ ಸರಿಯುತ್ತಾರಂತೆ! ಗುರುವಿನ ಮುಂದೆ ಪ್ರಶ್ನೆ ಎತ್ತುವುದು ಅವಿನಯವೆಂದು ಬೆಳೆದು ಬಂದ ಮಕ್ಕಳ ಮನಸ್ಸನ್ನು ಬಲ್ಲ ನಮ್ಮ ನಾಡಿನವರಿಗೆ ಈ ಸಂಕೋಚ ಅಪರಿಚಿತವೇನಲ್ಲ. ಅನೇಕ ಕೌನ್ಸೆಲಿಂಗ್ ಅಧ್ಯಾಪಕರು ಇದಕ್ಕೆ ಉಪದೇಶ ಮಾಡುತ್ತಾ ಕೂರುವುದಿಲ್ಲ. ಬೇರೆ ವಿಷಯದ ಅಧ್ಯಾಪಕರೊಬ್ಬರನ್ನು ಅವರ ಕೊಠಡಿಯಲ್ಲಿ ಕಂಡು, ಒಂದು ಪ್ರಶ್ನೆ ಕೇಳಿ, ಅದರ ವಿವರವನ್ನು ಬರೆದು ತರುವುದನ್ನೇ ಮನೆಗೆಲಸವಾಗಿ ಕೊಡುತ್ತಾರೆ. ಅಂಕದ ಆಸೆಗಾದರೂ ವಿದ್ಯಾರ್ಥಿ ಒಮ್ಮೆ ಬಾಗಿಲು ತಟ್ಟುತ್ತಾನೆ.

ಇದರ ಜೊತೆಗೆ ಬರುವುದು ಶೈಕ್ಷಣಿಕ ಯೋಜನೆ. ಎರಡು ವರ್ಷದ ಪದವಿಗೆ 60 ಸೆಮಿಸ್ಟರ್ ಕ್ರೆಡಿಟ್ಟುಗಳು ಬೇಕು. ಯಾವ ವಿಷಯ ಯಾವ ವಿಶ್ವವಿದ್ಯಾನಿಲಯಕ್ಕೆ ಸಲ್ಲುತ್ತದೆ, ಯಾವುದು ಸಲ್ಲುವುದಿಲ್ಲ, ಯಾವುದನ್ನು ಯಾವುದರ ಹಿಂದೆ ಓದಬೇಕು ಎಂಬುದು ಒಂದು ಚಕ್ರವ್ಯೂಹ. ಇಂಜಿನಿಯರಿಂಗಿಗೆ ಹೋಗಬೇಕಾದವನು ಗಣಿತದ ಸರಣಿಯನ್ನು ಒಂದು ಸೆಮಿಸ್ಟರ್ ತಡವಾಗಿ ಆರಂಭಿಸಿದರೆ ವರ್ಗಾವಣೆ ಇಡೀ ಒಂದು ವರ್ಷ ಹಿಂದೆ ಬೀಳಬಹುದು. ಕ್ಯಾಲಿಫೋರ್ನಿಯಾದ ಶಾಸನಸಭೆ 2012ರಲ್ಲಿ ಒಂದು ಕಾಯ್ದೆಯನ್ನು ತಂದು, ಹೊಸ ವಿದ್ಯಾರ್ಥಿಗಳಿಗೆ ಕಾಲೇಜಿನ ಪರಿಚಯ ಕಾರ್ಯಕ್ರಮ ಮತ್ತು ಶೈಕ್ಷಣಿಕ ಯೋಜನೆಗಳ ಮೇಲೆ ಒತ್ತು ಕೊಟ್ಟಿತು. ಆದರೆ ಯೋಜನೆಯನ್ನು ಅರ್ಧ ಗಂಟೆಯ ಭೇಟಿಯಲ್ಲಿ ಯಾರೋ ಬರೆದುಕೊಟ್ಟರೆ ಅದು ಚೀಟಿಯಾಗಿ ಉಳಿಯುತ್ತದೆ. ತರಗತಿಯಲ್ಲಿ ವಿದ್ಯಾರ್ಥಿಯೇ ವಾರಗಟ್ಟಲೆ ಹುಡುಕಿ, ಬರೆದು, ಅಳಿಸಿ, ಮತ್ತೆ ಬರೆದ ಯೋಜನೆಯ ಬೆಲೆಯೇ ಬೇರೆ. ಮುಂದೆ ಪರಿಸ್ಥಿತಿ ಬದಲಾದಾಗ ಅದನ್ನು ತಿದ್ದಿಕೊಳ್ಳುವುದು ಹೇಗೆಂದು ಅವನಿಗೆ ಗೊತ್ತಿರುತ್ತದೆ.

ಸಲಹೆಗಾರರ ಕಚೇರಿ ಇದ್ದೇ ಇದೆಯಲ್ಲ, ತರಗತಿ ಏಕೆ ಎಂಬ ಪ್ರಶ್ನೆ ಇಲ್ಲಿ ಏಳುತ್ತದೆ. ಕಚೇರಿಯ ದೋಷವೇನೆಂದರೆ ಅದು ಕಾಯುತ್ತದೆ. ತನಗೆ ಏನು ತಿಳಿಯದು ಎಂಬುದನ್ನು ಬಲ್ಲವನು, ಕೇಳುವ ಧೈರ್ಯವುಳ್ಳವನು, ಹಗಲು ಹೊತ್ತಿನಲ್ಲಿ ಬಿಡುವಿರುವವನು ಅಲ್ಲಿಗೆ ಹೋಗುತ್ತಾನೆ. ಯಾರಿಗೆ ಸಲಹೆ ತೀರ ಅಗತ್ಯವೋ ಅವನೇ ಬರುವುದಿಲ್ಲ. ಬಂದರೂ ಒಬ್ಬ ಸಲಹೆಗಾರರ ಪಾಲಿಗೆ ನೂರಾರು, ಎಷ್ಟೋ ಕಡೆ ಸಾವಿರಕ್ಕೂ ಹೆಚ್ಚು ವಿದ್ಯಾರ್ಥಿಗಳಿರುವಾಗ ಹೆಸರು ನೆನಪಿಡುವುದೂ ಕಷ್ಟ. ಕ್ಯಾಲಿಫೋರ್ನಿಯಾದಲ್ಲಿ ಒಂದು ಅನುಕೂಲವಿದೆ. ಅಲ್ಲಿ ಕಾಲೇಜು ಸಲಹೆಗಾರರು ಸ್ನಾತಕೋತ್ತರ ಪದವಿ ಪಡೆದ ಬೋಧಕವರ್ಗದವರೇ ಆಗಿರುತ್ತಾರೆ, ಕಚೇರಿ ಸಿಬ್ಬಂದಿಯಲ್ಲ. ಹೀಗಾಗಿ ಕಚೇರಿಯಿಂದ ಎದ್ದು ತರಗತಿಗೆ ಹೋಗಿ ಪಾಠ ಮಾಡಲು ಅವರಿಗೆ ಅಧಿಕಾರವಿದೆ. ಮೂವತ್ತು ಮಂದಿಯನ್ನು ಇಡೀ ಸೆಮಿಸ್ಟರ್ ವಾರವಾರವೂ ನೋಡುವ ಅಧ್ಯಾಪಕಿಗೆ, ಕೊನೆಯ ಸಾಲಿನ ಹುಡುಗಿ ಎರಡು ವಾರದಿಂದ ಬಂದಿಲ್ಲ ಎಂಬುದು ಯಾವ ಗಣಕಯಂತ್ರದ ನೆರವೂ ಇಲ್ಲದೆ ಗೊತ್ತಾಗುತ್ತದೆ.

ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿಯ ಪೂರ್ವದಂಡೆಯ ಹೇವರ್ಡ್ ಎಂಬಲ್ಲಿರುವ ಶಾಬೋ ಕಾಲೇಜಿನಲ್ಲಿ ನಡೆದ ಪ್ರಯತ್ನ ಇದಕ್ಕೆ ಒಳ್ಳೆಯ ನಿದರ್ಶನ. ಅಲ್ಲಿ ಸಲಹೆಗಾರರಾಗಿದ್ದ ಫೆಲಿಕ್ಸ್ ಗಲವಿಸ್ ಮತ್ತು ಇಂಗ್ಲಿಷ್ ಅಧ್ಯಾಪಕಿ ಪೆಟ್ರೀಷಿಯಾ ಮೆಕ್‌ಗ್ರಾತ್ ಅವರು ಲ್ಯಾಟಿನೋ ಸಮುದಾಯದ ಎರಡು ಸಾವಿರಕ್ಕೂ ಹೆಚ್ಚು ವಿದ್ಯಾರ್ಥಿಗಳ ಅಂಕಪಟ್ಟಿಗಳನ್ನು ಕೂಲಂಕಷವಾಗಿ ಪರಿಶೀಲಿಸಿದರು. ಮೂರು ಲಕ್ಷಣಗಳು ಮತ್ತೆ ಮತ್ತೆ ಕಂಡವು. ಆ ಮಕ್ಕಳು ಕುಟುಂಬದಲ್ಲಿ ಮೊದಲ ಬಾರಿಗೆ ಕಾಲೇಜಿಗೆ ಬಂದವರು. ಕಾಲೇಜು ಮಟ್ಟದ ಬರವಣಿಗೆಯ ತರಗತಿಗೆ ಸೇರುತ್ತಿರಲಿಲ್ಲ. ಸಲಹೆಗಾರರ ಬಳಿಗೆ ಸುಳಿಯುತ್ತಿರಲಿಲ್ಲ. ಇವರಿಬ್ಬರೂ 1981ರಲ್ಲಿ "ಪುವೆಂತೆ" ಎಂಬ ಕಾರ್ಯಕ್ರಮವನ್ನು ಆರಂಭಿಸಿದರು. ಸ್ಪ್ಯಾನಿಷ್ ಭಾಷೆಯಲ್ಲಿ ಪುವೆಂತೆ ಎಂದರೆ ಸೇತುವೆ. ಇಂಗ್ಲಿಷ್ ಬರವಣಿಗೆಯ ಪಾಠ, ಸಲಹೆಗಾರರ ನಿರಂತರ ಒಡನಾಟ, ಅದೇ ಸಮುದಾಯದಿಂದ ಬಂದು ವೃತ್ತಿಯಲ್ಲಿ ನೆಲೆಗೊಂಡ ಹಿರಿಯರೊಬ್ಬರ ಮಾರ್ಗದರ್ಶನ ಈ ಮೂರನ್ನೂ ಒಂದೇ ಹೆಣಿಗೆಯಲ್ಲಿ ಸೇರಿಸಿದರು. ಸಲಹೆಗಾರರ ಬಳಿಗೆ ಬಾರದ ಮಕ್ಕಳ ಬಳಿಗೆ ಸಲಹೆಗಾರರೇ ಹೋಗಿ ಕುಳಿತರು. ಮುಂದೆ ಆ ಕಾರ್ಯಕ್ರಮ ರಾಜ್ಯದ ಹಲವಾರು ಕಾಲೇಜುಗಳಿಗೆ ಹರಡಿತು.

ಇಷ್ಟು ಓದಿದವರಿಗೆ ಕೌನ್ಸೆಲಿಂಗ್ ತರಗತಿ ಎಂದರೆ ಸದಾ ಒಳಿತನ್ನೇ ಮಾಡುವ ಸಾಧನ ಎನ್ನಿಸಬಹುದು. ಚರಿತ್ರೆ ಅಷ್ಟು ಸರಳವಾಗಿಲ್ಲ. ಬರ್ಟನ್ ಕ್ಲಾರ್ಕ್ ಎಂಬ ಸಮಾಜಶಾಸ್ತ್ರಜ್ಞರು ಸ್ಯಾನ್ ಹೊಸೆ ಪಟ್ಟಣದ ಜೂನಿಯರ್ ಕಾಲೇಜನ್ನು ಅಧ್ಯಯನ ಮಾಡಿ 1960ರಲ್ಲಿ ಒಂದು ಪ್ರಬಂಧ ಪ್ರಕಟಿಸಿದರು. ಬಾಗಿಲು ಎಲ್ಲರಿಗೂ ತೆರೆದಿದೆ, ಆದರೆ ಮೇಲಿನ ವಿಶ್ವವಿದ್ಯಾನಿಲಯಕ್ಕೆ ಏರುವವರು ಕೆಲವರೇ. ಹಾಗಿದ್ದರೂ ಉಳಿದವರು ಗಲಾಟೆ ಮಾಡದೆ ಸುಮ್ಮನಾಗುವುದು ಹೇಗೆ ಎಂಬುದು ಅವರ ಪ್ರಶ್ನೆ. ಅವರು ಕಂಡ ಉತ್ತರಕ್ಕೆ ಬಳಸಿದ ಪದವನ್ನು ಎರವಲು ತಂದದ್ದು ಇರ್ವಿಂಗ್ ಗಾಫ್‌ಮನ್ ಅವರ ಬರಹದಿಂದ. ಗಾಫ್‌ಮನ್ ವರ್ಣಿಸಿದ್ದು ವಂಚಕರ ತಂಡದ ಒಂದು ಪದ್ಧತಿಯನ್ನು: ಹಣ ಕಳೆದುಕೊಂಡವನು ಪೊಲೀಸರ ಬಳಿಗೆ ಓಡದಂತೆ, ತಂಡದವನೊಬ್ಬ ಹಿಂದೆ ಉಳಿದು ಅವನನ್ನು ಸಮಾಧಾನಪಡಿಸಿ ತಣ್ಣಗಾಗಿಸುತ್ತಾನೆ. ಕಾಲೇಜು ಕೂಡ ದೊಡ್ಡ ಆಸೆಯ ವಿದ್ಯಾರ್ಥಿಯನ್ನು ಹೀಗೆಯೇ ಹಂತಹಂತವಾಗಿ ತಣಿಸುತ್ತದೆ ಎಂದರು ಕ್ಲಾರ್ಕ್. ಮೊದಲು ಪರೀಕ್ಷೆಯ ಅಂಕ, ಆ ಮೇಲೆ ಸಲಹೆಗಾರರ ಭೇಟಿ, ಅದರ ನಂತರ ಎಲ್ಲ ಹೊಸಬರಿಗೂ ಕಡ್ಡಾಯವಾದ ಕಾಲೇಜು ಪರಿಚಯದ ಒಂದು ತರಗತಿ. ಅದನ್ನು ಬೋಧಿಸುತ್ತಿದ್ದವರು ಸಲಹೆಗಾರರೇ. ತನ್ನ ಸಾಮರ್ಥ್ಯವನ್ನು ತಾನೇ ಅಳೆದುಕೊಂಡು, ವೃತ್ತಿಯ ಆಯ್ಕೆಯನ್ನು ಅದಕ್ಕೆ ತಕ್ಕಂತೆ ಒರೆಗೆ ಹಚ್ಚಿಕೊಳ್ಳುವಂತೆ ಅಲ್ಲಿ ಕಲಿಸುತ್ತಿದ್ದರು. ಇಂಜಿನಿಯರ್ ಆಗುವೆನೆಂದು ಬಂದವನು ಅದಕ್ಕಿಂತ ಕೆಳಗಿನ ಕಸುಬಿನ ಶಿಕ್ಷಣಕ್ಕೆ ತಾನಾಗಿಯೇ ಒಪ್ಪಿಕೊಂಡು ಹೋಗುವಂತೆ ಮಾಡುವುದು ಅದರ ಪರಿಣಾಮವಾಗಿತ್ತು.

ಕ್ಲಾರ್ಕ್ ಅವರ ಮಾತನ್ನು ಅಲ್ಲಗಳೆದವರೂ ಉಂಟು. ಆದರೆ ಆ ಪ್ರಬಂಧವನ್ನು ಮರೆಯಬಾರದು ಎಂಬುದು ನಮ್ಮ ಅಭಿಪ್ರಾಯ. ಅದೇ ಕೊಠಡಿ, ಅದೇ ಸಲಹೆಗಾರರು, ಅದೇ ಹಾಳೆಯ ಮೇಲೆ ತನ್ನನ್ನು ತಾನು ಅಳೆದುಕೊಳ್ಳುವ ಅದೇ ಅಭ್ಯಾಸ, ಒಂದು ಕಾಲದಲ್ಲಿ ಆಸೆಯನ್ನು ಕುಗ್ಗಿಸಲು ಬಳಕೆಯಾಯಿತು, ಇನ್ನೊಂದು ಕಾಲದಲ್ಲಿ ಅದಕ್ಕೆ ದಾರಿ ತೋರಲು ಬಳಕೆಯಾಗುತ್ತಿದೆ. "ನಿನಗೆ ಇದು ಆಗದು" ಎಂದು ನಯವಾಗಿ ಹೇಳುವುದಕ್ಕೂ "ಇದು ಆಗಬೇಕಾದರೆ ಈ ವಾರ ಇಷ್ಟು ಮಾಡು" ಎಂದು ಹೇಳುವುದಕ್ಕೂ ಇರುವ ಅಂತರ ಪಠ್ಯಪುಸ್ತಕದಲ್ಲಿ ಕಾಣುವುದಿಲ್ಲ, ಬೋಧಿಸುವವರ ಮನೋಧರ್ಮದಲ್ಲಿರುತ್ತದೆ.

ಈ ತರಗತಿಯಿಂದ ನಿಜವಾಗಿಯೂ ಪ್ರಯೋಜನವಿದೆಯೇ ಎಂಬುದನ್ನು ಅಳೆದು ನೋಡಿದವರಿದ್ದಾರೆ. ಲಾಸ್ ಏಂಜಲೀಸಿನ ಪೂರ್ವಕ್ಕೆ ರ‍್ಯಾಂಚೋ ಕುಕಮಾಂಗಾದಲ್ಲಿರುವ ಚೇಫಿ ಕಾಲೇಜಿನ ಪ್ರಯೋಗ ನಮ್ಮ ದೃಷ್ಟಿಯಲ್ಲಿ ಬಹಳ ಬೋಧಪ್ರದವಾದುದು. ಪ್ರೊಬೇಷನ್ ಪಟ್ಟಿಗೆ ಸೇರಿ, ಇನ್ನೇನು ಕಾಲೇಜಿನಿಂದ ಹೊರಬೀಳುವ ಸ್ಥಿತಿಯಲ್ಲಿದ್ದ ವಿದ್ಯಾರ್ಥಿಗಳಿಗಾಗಿ ಅಲ್ಲಿ "ಕಾಲೇಜ್ ಸಕ್ಸೆಸ್" ಎಂಬ ತರಗತಿಯನ್ನು ಏರ್ಪಡಿಸಿದರು. ಬೋಧಿಸಿದವರು ಕಾಲೇಜಿನ ಸಲಹೆಗಾರರು. ಓದು, ಬರಹ, ಗಣಿತಗಳಲ್ಲಿ ನೆರವು ನೀಡುವ ಕೇಂದ್ರಗಳಿಗೆ ಭೇಟಿ ಕೊಡುವುದನ್ನು ಆ ತರಗತಿಗೆ ಜೋಡಿಸಿದರು. ನ್ಯೂಯಾರ್ಕಿನ ಎಂ.ಡಿ.ಆರ್.ಸಿ. ಎಂಬ ಸಂಶೋಧನಾ ಸಂಸ್ಥೆ ಇದನ್ನು ಔಷಧಿಯ ಪರೀಕ್ಷೆಯಂತೆಯೇ ಪರೀಕ್ಷಿಸಿತು. ಅರ್ಹ ವಿದ್ಯಾರ್ಥಿಗಳನ್ನು ಲಾಟರಿಯಂತೆ ಎರಡು ಗುಂಪುಗಳಾಗಿ ವಿಂಗಡಿಸಿ, ಒಂದು ಗುಂಪಿಗೆ ಈ ಸೌಲಭ್ಯ ಕೊಟ್ಟು, ಇನ್ನೊಂದು ಗುಂಪನ್ನು ಎಂದಿನಂತೆ ಬಿಟ್ಟು ಹೋಲಿಸಿ ನೋಡಿತು.

ಮೊದಲ ಸುತ್ತಿನಲ್ಲಿ, 2005ರಲ್ಲಿ, ತರಗತಿಯನ್ನು ಇಷ್ಟವಿದ್ದವರು ತೆಗೆದುಕೊಳ್ಳಬಹುದು ಎಂಬಂತೆ ಮುಂದಿಟ್ಟರು. ಸುಮಾರು ಅರ್ಧದಷ್ಟು ಮಂದಿ ಮಾತ್ರ ಸೇರಿದರು. ಎರಡು ಗುಂಪುಗಳ ನಡುವೆ ಹೇಳಿಕೊಳ್ಳುವಂತಹ ವ್ಯತ್ಯಾಸ ಕಾಣಲಿಲ್ಲ. ಮರುವರ್ಷ ಅದೇ ತರಗತಿಯನ್ನು, ಇದು ಕಡ್ಡಾಯ ಎಂದು ತಿಳಿಸಿ, ನೆರವಿನ ಕೇಂದ್ರಗಳ ಭೇಟಿಯನ್ನೂ ಬಿಗಿಗೊಳಿಸಿ ನಡೆಸಿದರು. ಸೇರಿದವರ ಸಂಖ್ಯೆ ಬಹಳ ಹೆಚ್ಚಿತು. ಎರಡು ಸೆಮಿಸ್ಟರುಗಳ ಕೊನೆಗೆ ಎಂದಿನಂತೆ ಬಿಟ್ಟ ಗುಂಪಿನಲ್ಲಿ ನೂರಕ್ಕೆ ಸುಮಾರು 16 ಮಂದಿ ಒಳ್ಳೆಯ ಶೈಕ್ಷಣಿಕ ಸ್ಥಿತಿಗೆ ಮರಳಿದ್ದರೆ, ತರಗತಿಯ ಗುಂಪಿನಲ್ಲಿ ಸುಮಾರು 30 ಮಂದಿ ಮರಳಿದ್ದರು. ಹೆಚ್ಚುಕಡಿಮೆ ಇಮ್ಮಡಿ! ಪಾಠ ಮುಖ್ಯವಾಗಿ ಅದೇ ಆಗಿತ್ತು. ಬದಲಾದುದು "ಬೇಕಾದರೆ ಬಾ" ಎಂಬ ಮಾತು "ಬರಲೇಬೇಕು" ಎಂದು ಆದದ್ದು. ವಯಸ್ಕ ವಿದ್ಯಾರ್ಥಿಗೆ ಕಡ್ಡಾಯ ಮಾಡುವುದು ಅವನ ಸ್ವಾತಂತ್ರ್ಯಕ್ಕೆ ಧಕ್ಕೆ ಎಂದು ವಾದಿಸುವವರಿದ್ದಾರೆ. ಎಲ್ಲರೂ ಬರಬೇಕಾದ ಕೊಠಡಿಗೆ ಬಂದವನಿಗೆ "ನಾನು ದುರ್ಬಲ, ಅದಕ್ಕೆ ಬಂದೆ" ಎಂಬ ನಾಚಿಕೆ ಇರುವುದಿಲ್ಲ ಎಂಬುದನ್ನೂ ಅವರು ಗಮನಿಸಬೇಕು.

ಆದರೆ ಚೇಫಿಯ ಕಥೆ ಇಲ್ಲಿಗೇ ಮುಗಿಯುವುದಿಲ್ಲ. ನಾಲ್ಕು ವರ್ಷಗಳ ನಂತರ ಅದೇ ಸಂಶೋಧಕರು ಮತ್ತೆ ಲೆಕ್ಕ ಹಾಕಿದಾಗ ಎರಡು ಗುಂಪುಗಳ ಅಂತರ ಬಹುಮಟ್ಟಿಗೆ ಕರಗಿಹೋಗಿತ್ತು. ಕೈಹಿಡಿದು ನಡೆಸಿದಷ್ಟು ದಿನ ವಿದ್ಯಾರ್ಥಿಗಳು ನಡೆದರು. ಕೈಬಿಟ್ಟ ಮೇಲೆ ಹಳೆಯ ತೊಂದರೆಗಳು ಅಲ್ಲಿಯೇ ಕಾದಿದ್ದವು. ನಾರ್ತ್ ಕೆರೊಲಿನಾದ ಗಿಲ್‌ಫರ್ಡ್ ಟೆಕ್ನಿಕಲ್ ಕಮ್ಯುನಿಟಿ ಕಾಲೇಜಿನಲ್ಲಿ ನಡೆದ ಇಂಥದೇ ಪರೀಕ್ಷೆಯ ಫಲಿತಾಂಶ 2012ರಲ್ಲಿ ಪ್ರಕಟವಾಯಿತು. ತರಗತಿಗೆ ಹೋದವರಲ್ಲಿ ಆತ್ಮಜ್ಞಾನ, ಭಾವನೆಗಳ ಮೇಲಿನ ಹತೋಟಿ, ಇತರರ ನೆರವು ಪಡೆಯುವ ಗುಣ ಹೆಚ್ಚಿದ್ದು ನಿಜ. ಆದರೆ ಒಟ್ಟಾರೆ ಅಂಕಗಳಲ್ಲಾಗಲಿ ಓದಿನಲ್ಲಿ ಉಳಿಯುವುದರಲ್ಲಾಗಲಿ ಅರ್ಥಪೂರ್ಣ ಬದಲಾವಣೆ ಕಾಣಲಿಲ್ಲ. ಇದಕ್ಕೆ ವಿರುದ್ಧವಾಗಿ, ಫ್ಲಾರಿಡಾ ರಾಜ್ಯದ ಕಾಲೇಜುಗಳ ವಿದ್ಯಾರ್ಥಿಗಳನ್ನು ಕೊಲಂಬಿಯಾ ವಿಶ್ವವಿದ್ಯಾನಿಲಯದ ಸಂಶೋಧಕರು ವರ್ಷಗಟ್ಟಲೆ ಹಿಂಬಾಲಿಸಿ 2007ರಲ್ಲಿ ಪ್ರಕಟಿಸಿದ ವರದಿಯಲ್ಲಿ, ಇಂತಹ ತರಗತಿಯನ್ನು ಪೂರೈಸಿದವರು ಪದವಿ ಪಡೆಯುವ, ವರ್ಗಾವಣೆಯಾಗುವ ಅಥವಾ ಓದು ಮುಂದುವರಿಸುವ ಸಂಭವ ಹೆಚ್ಚೆಂದು ಕಂಡುಬಂದಿತ್ತು. ಅಲ್ಲಿ ಲಾಟರಿಯ ವಿಂಗಡಣೆ ಇರಲಿಲ್ಲವಾದ್ದರಿಂದ, ಮೊದಲೇ ಉತ್ಸಾಹಿಗಳಾದವರು ತರಗತಿಯನ್ನು ಆರಿಸಿಕೊಂಡರೇ ಎಂಬ ಸಂದೇಹಕ್ಕೆ ಸ್ವಲ್ಪ ಎಡೆಯುಂಟು.

ಈ ಫಲಿತಾಂಶಗಳನ್ನು ಒಂದರ ಪಕ್ಕದಲ್ಲಿ ಒಂದಿಟ್ಟು ನೋಡಿದರೆ ನ್ಯೂಯಾರ್ಕ್ ನಗರದ ಸಿಟಿ ಯೂನಿವರ್ಸಿಟಿಯ "ಎಸಾಪ್" ಕಾರ್ಯಕ್ರಮದ ಮಹತ್ವ ತಿಳಿಯುತ್ತದೆ. ಅದು 2007ರಲ್ಲಿ ಆರಂಭವಾಯಿತು. ಅಲ್ಲಿ ವಿದ್ಯಾರ್ಥಿಗಳು ಪೂರ್ಣಾವಧಿ ಓದಬೇಕು. ಗುರಿಯನ್ನು ಹಾಕಿಕೊಳ್ಳುವುದು, ಓದುವ ಕ್ರಮ ಮುಂತಾದವನ್ನು ತಿಳಿಸುವ ಗೋಷ್ಠಿತರಗತಿಯೊಂದು ಮೊದಲ ಸೆಮಿಸ್ಟರುಗಳಲ್ಲಿ ಇರುತ್ತಿತ್ತು. ಅದರೊಂದಿಗೆ ಆರಂಭದ ವರ್ಷಗಳಲ್ಲಿ ಒಬ್ಬ ಸಲಹೆಗಾರರ ಪಾಲಿಗೆ 60ರಿಂದ 80 ವಿದ್ಯಾರ್ಥಿಗಳು ಮಾತ್ರ ಇದ್ದರು. ಅದೇ ಕಾಲೇಜುಗಳ ಇತರ ವಿದ್ಯಾರ್ಥಿಗಳ ಪಾಲಿಗೆ ಆಗ ಒಬ್ಬ ಸಲಹೆಗಾರರಿಗೆ 600ರಿಂದ 1500 ಮಂದಿ ಇದ್ದರು. ಉಳಿಕೆ ಶುಲ್ಕದ ಮನ್ನಾ, ಪಠ್ಯಪುಸ್ತಕ, ನಗರದ ರೈಲು ಮತ್ತು ಬಸ್ಸಿನ ಪಾಸು ಇವೆಲ್ಲ ಮೂರು ವರ್ಷಗಳವರೆಗೆ ದೊರೆಯುತ್ತವೆ. ಪಾಸಿನ ವಿಚಾರ ಕೇಳಲು ಸಣ್ಣದು. ಆದರೆ ತಿಂಗಳ ಪಾಸಿಗಾಗಿ ಸಲಹೆಗಾರರನ್ನು ಕಾಣಲೇಬೇಕಾಗುವುದರಿಂದ ಭೇಟಿ ತಪ್ಪುವುದಿಲ್ಲ. ಎಂ.ಡಿ.ಆರ್.ಸಿ. ಸಂಸ್ಥೆ ಇಲ್ಲಿಯೂ ಲಾಟರಿ ವಿಧಾನದಿಂದಲೇ ಪರೀಕ್ಷಿಸಿತು. ಮೂರು ವರ್ಷಗಳ ಕೊನೆಗೆ ಸಾಮಾನ್ಯ ಗುಂಪಿನಲ್ಲಿ ನೂರಕ್ಕೆ 22 ಮಂದಿ ಪದವಿ ಪಡೆದಿದ್ದರೆ ಎಸಾಪ್ ಗುಂಪಿನಲ್ಲಿ 40 ಮಂದಿ ಪಡೆದಿದ್ದರು. ಒಹಾಯೋ ರಾಜ್ಯದ ಮೂರು ಕಾಲೇಜುಗಳು ಇದನ್ನು ಅಳವಡಿಸಿಕೊಂಡಾಗಲೂ ಪದವೀಧರರ ಪ್ರಮಾಣ ಸುಮಾರು ಇಮ್ಮಡಿಯಾಯಿತು. ಹಣ ಹೆಚ್ಚು ಬೇಕಾಗುತ್ತದೆ, ನಿಜ. ಆದರೆ ಪದವಿ ಪಡೆದ ಒಬ್ಬೊಬ್ಬನ ಲೆಕ್ಕಕ್ಕೆ ಭಾಗಿಸಿ ನೋಡಿದಾಗ ನ್ಯೂಯಾರ್ಕಿನಲ್ಲಿ ತಲಾ ವೆಚ್ಚ ಸಾಮಾನ್ಯ ವ್ಯವಸ್ಥೆಗಿಂತ ಕಡಿಮೆಯೇ ಆಯಿತು.

ಹೀಗಾಗಿ ಒಂದು ಸೆಮಿಸ್ಟರಿನ ತರಗತಿಯನ್ನು ಮಂತ್ರದಂಡವೆಂದು ಭಾವಿಸುವುದು ತಪ್ಪಾದೀತು. ಅದು ಆರಂಭದ ಹೆಜ್ಜೆ. ಅದನ್ನು ಬೋಧಿಸಿದ ಸಲಹೆಗಾರರೇ ಮುಂದಿನ ಸೆಮಿಸ್ಟರುಗಳಲ್ಲಿಯೂ ಆ ವಿದ್ಯಾರ್ಥಿಯನ್ನು ಹೆಸರು ಹಿಡಿದು ಕರೆಯುವಂತಿದ್ದರೆ, ಗಣಿತದಲ್ಲಿ ಹಿಂದುಳಿದಾಗ ಗಣಿತದ ನೆರವು, ಹಣ ಸಾಲದಾದಾಗ ಹಣದ ನೆರವು ಸಿಗುವಂತಿದ್ದರೆ, ಆ ಹೆಜ್ಜೆಗೆ ಬೆಲೆ.

ಕ್ಯಾಲಿಫೋರ್ನಿಯಾದಲ್ಲಿ ನೆಲೆಸಿರುವ ಕನ್ನಡ ಕುಟುಂಬಗಳಿಗೆ ಇದು ದೂರದ ಮಾತಲ್ಲ. ಕೂಪರ್ಟಿನೋದ ಡಿ ಆನ್ಜಾ, ಲಾಸ್ ಆಲ್ಟೋಸ್ ಹಿಲ್ಸ್‌ನ ಫುಟ್‌ಹಿಲ್, ಫ್ರೀಮಾಂಟಿನ ಓಲೋನಿ ಕಾಲೇಜುಗಳು ಕನ್ನಡಿಗರು ಹೆಚ್ಚಾಗಿರುವ ಊರುಗಳ ನಡುವೆಯೇ ಇವೆ. ಆದರೂ ನೇರವಾಗಿ ಹೆಸರಾಂತ ವಿಶ್ವವಿದ್ಯಾನಿಲಯಕ್ಕೆ ಸೇರದೆ ಕಮ್ಯುನಿಟಿ ಕಾಲೇಜಿಗೆ ಹೋದ ಮಗನ ವಿಚಾರವನ್ನು ನೆಂಟರ ಮುಂದೆ ಹೇಳಿಕೊಳ್ಳಲು ತಂದೆತಾಯಿಗಳು ಹಿಂಜರಿಯುವುದುಂಟು. ರಾಜ್ಯದ ನಿವಾಸಿಗಳಿಗೆ ಅಲ್ಲಿನ ಶುಲ್ಕ ಒಂದು ಯೂನಿಟ್‌ಗೆ 46 ಡಾಲರ್. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯದ ಆರು ಕ್ಯಾಂಪಸ್‌ಗಳು, ನಿಗದಿತ ಅಂಕ ಮತ್ತು ವಿಷಯಗಳನ್ನು ಪೂರೈಸಿದ ಕಮ್ಯುನಿಟಿ ಕಾಲೇಜು ವಿದ್ಯಾರ್ಥಿಗಳಿಗೆ ಪ್ರವೇಶದ ಖಾತರಿಯನ್ನೇ ನೀಡುತ್ತವೆ. ಬರ್ಕ್ಲಿ, ಲಾಸ್ ಏಂಜಲೀಸ್, ಸ್ಯಾನ್ ಡಿಯೇಗೋ ಈ ಖಾತರಿಯಲ್ಲಿ ಸೇರಿಲ್ಲವಾದರೂ ಅಲ್ಲಿಗೂ ಪ್ರತಿವರ್ಷ ಸಾವಿರಾರು ಮಂದಿ ಹೀಗೆ ವರ್ಗಾವಣೆಯಾಗಿ ಹೋಗುತ್ತಾರೆ. ಆ ಖಾತರಿಯ ಅರ್ಜಿಯನ್ನು ವರ್ಗಾವಣೆಗೆ ಸುಮಾರು ಒಂದು ವರ್ಷ ಮುಂಚಿತವಾಗಿಯೇ ಸಲ್ಲಿಸಬೇಕು. ಅದಕ್ಕೆ ಬೇಕಾದ ವಿಷಯಗಳನ್ನು ಅದಕ್ಕಿಂತಲೂ ಮುಂಚೆ ಆರಂಭಿಸಿರಬೇಕು. ಅಂದರೆ ಮೊದಲ ಸೆಮಿಸ್ಟರಿನಲ್ಲಿಯೇ ಯಾರಾದರೂ ಇದನ್ನು ಕಿವಿಗೆ ಹಾಕಬೇಕು.

ಆ ಯಾರಾದರೂ ತಂದೆತಾಯಿಗಳೇ ಏಕಾಗಬಾರದು ಎಂದರೆ ಅಲ್ಲೊಂದು ತೊಡಕಿದೆ. ನಮ್ಮ ಕಡೆ ಮಗಳ ಅಂಕ ಕಡಿಮೆಯಾದರೆ ತಂದೆ ನೇರವಾಗಿ ಪ್ರಾಂಶುಪಾಲರ ಕೊಠಡಿಗೆ ಹೋಗಿ ಕೇಳುತ್ತಾರೆ. ಅಮೆರಿಕೆಯಲ್ಲಿ ವಿದ್ಯಾರ್ಥಿ ಕಾಲೇಜಿಗೆ ಸೇರಿದ ಗಳಿಗೆಯಿಂದ, ಹದಿನೆಂಟು ತುಂಬಿರದಿದ್ದರೂ, ಆ ಕಾಲೇಜಿನ ದಾಖಲೆಗಳ ಮೇಲಿನ ಹಕ್ಕು ವಿದ್ಯಾರ್ಥಿಯದಾಗುತ್ತದೆ. 1974ರ ಕೇಂದ್ರ ಕಾನೂನು ಹಾಗೆ ಹೇಳುತ್ತದೆ. ಕಾನೂನಿನಲ್ಲಿರುವ ಕೆಲವು ವಿನಾಯಿತಿಗಳನ್ನು ಬಿಟ್ಟರೆ, ಮಗಳ ಒಪ್ಪಿಗೆಯಿಲ್ಲದೆ ಅಧ್ಯಾಪಕರು ಅವಳ ಅಂಕವನ್ನು ತಂದೆಗೆ ತಿಳಿಸುವುದಿಲ್ಲ. ಆದುದರಿಂದ ಅಲ್ಲಿರುವ ನಮ್ಮ ಬಂಧುಗಳಿಗೆ ನಾವು ಹೇಳುವುದಿಷ್ಟೆ: ಮಕ್ಕಳು ಮೊದಲ ಸೆಮಿಸ್ಟರಿನ ವಿಷಯಗಳನ್ನು ನೋಂದಾಯಿಸುವಾಗ ಪಕ್ಕದಲ್ಲಿ ಕುಳಿತು, ಕೌನ್ಸೆಲಿಂಗ್ ವಿಭಾಗದ ತರಗತಿಗಳ ಪಟ್ಟಿಯನ್ನೂ ಒಮ್ಮೆ ತೆರೆಸಿ ನೋಡಿ. ಒಂದೋ ಮೂರೋ ಯೂನಿಟ್ಟಿನ ಆ ವಿಷಯ ಗಣಿತ, ವಿಜ್ಞಾನಗಳ ನಡುವೆ ಹಗುರವಾಗಿ ಕಾಣುತ್ತದೆ. ಸೀಟುಗಳು ಬೇಗ ತುಂಬುವುದೂ ಉಂಟು, ಆದ್ದರಿಂದ ನೋಂದಣಿ ತೆರೆದ ದಿನವೇ ನೋಡುವುದು ಒಳ್ಳೆಯದು.